ಸಾಲ ಕೊಟ್ಟವರೇ ನೇಮಿಸಿದ ನ್ಯಾಯಾಧೀಶರು: ಕಲಬುರಗಿ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ ಜಿಲ್ಲೆ
ಮಾನ್ಯ ಅಧ್ಯಕ್ಷರು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಕಲಬುರಗಿ

ವಿಷಯ: ಸಣ್ಣ ಸಾಲಗಾರರ ಮೇಲೆ ವಸೂಲಿ ಏಜೆಂಟರ ದಬ್ಬಾಳಿಕೆ ಮತ್ತು ಏಕಪಕ್ಷೀಯ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮೂರನೆಯವರಿಂದ ವ್ಯಾಜ್ಯ ತೀರ್ಮಾನ) ನೋಟೀಸುಗಳ ಕುರಿತು.

ಮಾನ್ಯರೇ,

ಕಲಬುರಗಿಯಲ್ಲಿ ಕೋರ್ಟಿನ ಹತ್ತಿರ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇಟ್ಟುಕೊಂಡವನು ನಾನು. ಅಫಿಡವಿಟ್ಟು, ಬಾಡಿಗೆ ಕರಾರು, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಇವೇ ನನ್ನ ದಿನದ ಕೆಲಸ. ಈಚೆಗೆ ಇನ್ನೊಂದು ಕೆಲಸವೂ ಬಂದು ಸೇರಿಕೊಂಡಿದೆ. ಆಳಂದ, ಚಿಂಚೋಳಿ, ಸೇಡಂ, ಜೇವರ್ಗಿ ಕಡೆಯಿಂದ ಬಸ್ಸು ಹತ್ತಿ ಬಂದ ಮಂದಿ ಇಂಗ್ಲಿಷಿನ ಕಾಗದವೊಂದನ್ನು ನನ್ನ ಮೇಜಿನ ಮೇಲಿಟ್ಟು, ಇದರಾಗ ಏನ್ ಬರದಾರ ಓದಿ ಹೇಳ್ರಿ ಅನ್ನುತ್ತಾರೆ. ಆ ಕಾಗದಗಳನ್ನು ಓದಿ ಓದಿ ನನಗೆ ತಿಳಿದದ್ದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಸಾಲ ಮನ್ನಾ ಮಾಡಿ ಎಂದು ನಾನು ಕೇಳುತ್ತಿಲ್ಲ. ನನ್ನ ಅಂಗಡಿಗೆ ಬಂದವರಲ್ಲಿ ಹೆಚ್ಚಿನವರೂ ಹಾಗೆ ಕೇಳಿದವರಲ್ಲ. 'ಮುಳುಗಸೋ ಮಂದಿ ಅಲ್ರಿ ನಾವು, ರಾಶಿ ಆಗ್ಲಿ, ಕಟ್ತೀವಿ' ಎಂದೇ ಅವರು ಮಾತು ಶುರು ಮಾಡುತ್ತಾರೆ. ಒಬ್ಬರು ಬೈಕಿಗೆ ಸಾಲ ಮಾಡಿದ್ದಾರೆ, ಒಬ್ಬರು ಮಗಳ ಬಾಣಂತನಕ್ಕೆ, ಇನ್ನೊಬ್ಬರು ಮೊಬೈಲಿನ ಆ್ಯಪಿನಲ್ಲಿ ಐದು ನಿಮಿಷಕ್ಕೆ ಸಿಕ್ಕಿತು ಎಂದು. 2022ರಲ್ಲಿ ನೆಟೆ ರೋಗ ಬಿದ್ದು ತೊಗರಿ ನಿಂತಲ್ಲೇ ಒಣಗಿತಲ್ಲ, ಆಗ ತಪ್ಪಿದ ಕಂತು ಕೆಲವರಿಗೆ ಇವತ್ತಿಗೂ ಸರಿದಾರಿಗೆ ಬಂದಿಲ್ಲ. ಬಾಕಿ ಇರುವುದು ನಿಜ. ಅದನ್ನು ಕೇಳುವ ಹಕ್ಕು ಸಾಲ ಕೊಟ್ಟವರಿಗೆ ಇರುವುದೂ ನಿಜ. ನನ್ನ ತಕರಾರು ಅದನ್ನು ಕೇಳುತ್ತಿರುವ ರೀತಿಯ ಬಗ್ಗೆ.

ಒಂದು ಕಾಗದದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸೇಡಂ ರಸ್ತೆಯ ಒಂದು ಹಳ್ಳಿಯಿಂದ ಬಂದ ಹೆಣ್ಣುಮಗಳು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ರೇಷನ್ ಕಾರ್ಡಿನ ಜೊತೆ ಮಡಿಚಿಟ್ಟುಕೊಂಡು ತಂದಿದ್ದರು. ಗಂಡ ಪುಣೆಗೆ ದುಡಿಯಲು ಹೋಗಿದ್ದ. ಕಾಗದದ ಮೇಲ್ಭಾಗದಲ್ಲಿ ನ್ಯಾಯದ ತಕ್ಕಡಿಯ ಚಿತ್ರ, ಅದರ ಕೆಳಗೆ ಕೇಸ್ ನಂಬರು, ವಾದಿ-ಪ್ರತಿವಾದಿಯ ಹೆಸರು, ಕೊನೆಗೆ ದುಂಡನೆಯ ಸೀಲು. ನೋಡಿದರೆ ಕೋರ್ಟಿನ ಸಮನ್ಸೇ. ಓದಿದರೆ ಅದು ಕೋರ್ಟಿನದಲ್ಲ. ಸಾಲ ಕೊಟ್ಟ ಫೈನಾನ್ಸ್ ಕಂಪನಿ ಚೆನ್ನೈನ ವಕೀಲರೊಬ್ಬರನ್ನು ತಾನೇ ಆರ್ಬಿಟ್ರೇಟರ್ ಎಂದು ನೇಮಿಸಿತ್ತು, ಆ ವಕೀಲರು ವಿಚಾರಣೆಗೆ ದಿನ ಗೊತ್ತುಮಾಡಿದ್ದರು. ಮೊಬೈಲಿಗೆ ಬರುವ ಲಿಂಕ್ ಒತ್ತಿ ವಿಡಿಯೋದಲ್ಲಿ ಹಾಜರಾಗಬೇಕು, ಇಲ್ಲವಾದರೆ ಏಕಪಕ್ಷೀಯವಾಗಿ ತೀರ್ಮಾನ ಮಾಡಲಾಗುವುದು ಎಂದು ಬರೆದಿತ್ತು. ಆ ದಿನ ಆಗಲೇ ಮುಗಿದುಹೋಗಿತ್ತು. ಆಕೆಯ ಬಳಿ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನು. ಆಕೆ ಕೇಳಿದ್ದು ಒಂದೇ: 'ಯಣ್ಣಾ, ಇದು ಕೋರ್ಟಿಂದು ಅಂತ ಹೇಳ್ಯಾರ. ನನ್ನ ಗಂಡಗ ಹಿಡ್ಕೊಂಡು ಹೋಗ್ತಾರೇನ್ರಿ?'

ಹಾಗೆ ಹೇಳಿದವನು ವಸೂಲಿ ಏಜೆಂಟ. ನೋಟೀಸು ಅಂಚೆಯಲ್ಲಿ ಬರುವ ಮೊದಲೇ ಅದರ ಫೋಟೋ ಅವನ ಮೊಬೈಲಿನಲ್ಲಿತ್ತಂತೆ. ಓಣಿಯ ಮಂದಿಯೆಲ್ಲ ಸೇರಿರುವ ಹೊತ್ತಿಗೆ ಬಂದು, ವಾರಂಟು ಆಗ್ಯಾದ, ತಾಳಿ ಅಡ ಇಟ್ಟಾದರೂ ಕಟ್ಟು ಅಂದನಂತೆ. ಹಾಗಾಗಿ ಈ ಎರಡನ್ನು ಬೇರೆ ಬೇರೆಯಾಗಿ ನೋಡಬಾರದು ಎಂಬುದು ನನ್ನ ವಿನಂತಿ. ಬಾಗಿಲಿಗೆ ಬಂದು ಕೂಗಾಡುವ ಏಜೆಂಟನಿಗೆ ಧೈರ್ಯ ಕೊಡುವುದು ಚೆನ್ನೈಯಿಂದಲೋ ಮುಂಬೈಯಿಂದಲೋ ಹೊರಟ ಆ ಕಾಗದ. ಆ ಕಾಗದಕ್ಕೆ ಯಾರೂ ಉತ್ತರ ಬರೆಯದಂತೆ ನೋಡಿಕೊಳ್ಳುವುದು ಏಜೆಂಟ ಹುಟ್ಟಿಸಿದ ಭಯ.

ಆರ್ಬಿಟ್ರೇಷನ್ ಎಂಬುದೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. 1996ರ ಕಾಯ್ದೆಯ ಪ್ರಕಾರ ಎರಡು ಕಡೆಯವರು ಒಪ್ಪಿ, ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯವರ ಮುಂದೆ ವ್ಯಾಜ್ಯ ಇಟ್ಟು ಕೋರ್ಟಿಗೆ ಹೋಗದೆ ಬೇಗ ಬಗೆಹರಿಸಿಕೊಳ್ಳುವ ವ್ಯವಸ್ಥೆ ಅದು. ಸಮಾನ ಬಲದ ಇಬ್ಬರು ವ್ಯಾಪಾರಸ್ಥರಿಗೆ ಅದು ಅನುಕೂಲವೇ. ಆದರೆ ಸಾಲ ಪಡೆಯುವ ನಮ್ಮ ಮಂದಿ ಅದಕ್ಕೆ ಒಪ್ಪಿದ್ದು ಹೇಗೆ? ಹತ್ತಾರು ಪುಟದ ಇಂಗ್ಲಿಷ್ ಕರಾರಿನ ಒಳಗೆಲ್ಲೋ ಒಂದು ಕಲಮು ಇರುತ್ತದೆ. ವ್ಯಾಜ್ಯ ಬಂದರೆ ಕಂಪನಿ ನೇಮಿಸಿದ ಒಬ್ಬನೇ ಆರ್ಬಿಟ್ರೇಟರ್, ಸ್ಥಳ ಕಂಪನಿಯ ಊರು. ಸಾಲ ಕೊಡಿಸುವ ಏಜೆಂಟ ಕೇಳಿದ ಓಟಿಪಿ ಹೇಳಿದ ಕೂಡಲೇ ಅದಕ್ಕೂ ಸಹಿ ಬಿದ್ದಂತೆ. ಹೀಗೊಂದು ಕಲಮು ಇದೆ ಎಂದು ಸಾಲ ಕೊಡುವಾಗ ಹೇಳಿದ್ದರು ಎಂದ ಒಬ್ಬ ಸಾಲಗಾರನನ್ನೂ ನಾನು ಈವರೆಗೆ ಕಂಡಿಲ್ಲ.

ಮಾನ್ಯರೇ, ಇದನ್ನು ಕಾನೂನು ಒಪ್ಪುವುದಿಲ್ಲ. 2015ರ ತಿದ್ದುಪಡಿಯಿಂದ ಆ ಕಾಯ್ದೆಯ 12(5)ನೇ ಕಲಮು ಮತ್ತು ಏಳನೇ ಅನುಸೂಚಿ ಬಂದವು. ಪಕ್ಷಗಾರರ ಜೊತೆ ನಂಟಿರುವವರು ಆರ್ಬಿಟ್ರೇಟರ್ ಆಗಲು ಅನರ್ಹರು ಎಂದು ಅವು ಹೇಳುತ್ತವೆ. 2019ರ ನವೆಂಬರಿನಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ವ್ಯಾಜ್ಯದ ಫಲದಲ್ಲಿ ಹಿತಾಸಕ್ತಿ ಇರುವವರು ತಾವು ಆರ್ಬಿಟ್ರೇಟರ್ ಆಗುವಂತಿಲ್ಲ, ಒಬ್ಬನೇ ಆರ್ಬಿಟ್ರೇಟರನ್ನು ತಾವಾಗಿ ನೇಮಿಸುವಂತೆಯೂ ಇಲ್ಲ ಎಂದಿತು. 2024ರ ನವೆಂಬರ್ 8ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಒಂದೇ ಪಕ್ಷ ಏಕೈಕ ಆರ್ಬಿಟ್ರೇಟರನ್ನು ನೇಮಿಸುವ ಕಲಮು ಆತನ ನಿಷ್ಪಕ್ಷಪಾತದ ಬಗ್ಗೆ ಸಕಾರಣವಾದ ಶಂಕೆ ಹುಟ್ಟಿಸುತ್ತದೆ ಎಂದು ಹೇಳಿತು. ಸಾಲದ ಕರಾರಿನಲ್ಲಿ ಹಾಕಿದ ಸಹಿಯಿಂದ ಈ ರಕ್ಷಣೆ ಹೋಗುವುದಿಲ್ಲ. ಅದನ್ನು ಬಿಟ್ಟುಕೊಡಬೇಕಾದರೆ ವ್ಯಾಜ್ಯ ಹುಟ್ಟಿದ ಮೇಲೆ, ಸ್ಪಷ್ಟವಾಗಿ, ಬರಹದಲ್ಲಿ ಬಿಟ್ಟುಕೊಡಬೇಕು. ಕಂತು ತಪ್ಪಿದ ಮೇಲೆ ಏಜೆಂಟರು ತರುವ ಯಾವ ಕಾಗದಕ್ಕೂ ಓದಿಸಿಕೊಳ್ಳದೆ ಸಹಿ ಮಾಡಬೇಡಿ ಎಂದು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳುವುದು ಇದಕ್ಕೇ.

ಹಾಗಿದ್ದರೂ ನೋಟೀಸುಗಳು ಬರುತ್ತಲೇ ಇವೆ. ಯಾಕೆಂದರೆ ಆಕ್ಷೇಪಣೆ ಎತ್ತುವವರಿಲ್ಲ. ನೋಟೀಸಿಗೆ ಉತ್ತರ ಕೊಡದಿದ್ದರೆ ಅದನ್ನೇ ತಪ್ಪೊಪ್ಪಿಗೆ ಎಂದು ಭಾವಿಸುವಂತಿಲ್ಲ ಎಂದು ಕಾಯ್ದೆಯ 25ನೇ ಕಲಮು ಹೇಳುತ್ತದೆ, ಆದರೆ ವಿಚಾರಣೆ ನಿಲ್ಲುವುದಿಲ್ಲ. ಎದುರು ಪಕ್ಷವಿಲ್ಲದೆ ಕಂಪನಿ ಕೊಟ್ಟ ಲೆಕ್ಕದ ಮೇಲೆ ಐತೀರ್ಪು, ಅಂದರೆ ಆರ್ಬಿಟ್ರೇಟರನ ತೀರ್ಪು, ಬರುತ್ತದೆ. ಅದನ್ನು ರದ್ದುಪಡಿಸಬೇಕೆಂದರೆ 34ನೇ ಕಲಮಿನಂತೆ ಐತೀರ್ಪು ಕೈಸೇರಿದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಸಕಾರಣವಿದ್ದರೆ ಇನ್ನೂ ಮೂವತ್ತು ದಿನ ಸಿಗುತ್ತದೆ, ಅದರಾಚೆ ಒಂದು ದಿನವೂ ಇಲ್ಲ. ಅರ್ಜಿ ಹಾಕಬೇಕಾದದ್ದು ಆರ್ಬಿಟ್ರೇಷನ್ ಸ್ಥಳದ ಕೋರ್ಟಿನಲ್ಲಿ, ಅಂದರೆ ಚೆನ್ನೈಯಲ್ಲಿ. ಚಿಂಚೋಳಿಯ ಕೂಲಿಕಾರ ಅಷ್ಟು ದೂರ ಹೋಗಿ, ತಮಿಳುನಾಡಿನಲ್ಲಿ ವಕೀಲರನ್ನು ಹಿಡಿದು, ನಲವತ್ತೋ ಐವತ್ತೋ ಸಾವಿರದ ವ್ಯಾಜ್ಯ ನಡೆಸುವುದು ಆಗುವ ಮಾತೇ?

ಕಂಪನಿಗೆ ಮಾತ್ರ ಇಂಥ ತೊಂದರೆ ಇಲ್ಲ. ಐತೀರ್ಪನ್ನು ಕೋರ್ಟಿನ ಡಿಕ್ರಿಯಂತೆಯೇ ಜಾರಿ ಮಾಡಿಸಬಹುದು. 2018ರಲ್ಲಿ ಸುಂದರಂ ಫೈನಾನ್ಸ್ ವಿರುದ್ಧ ಅಬ್ದುಲ್ ಸಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ, ಸಾಲಗಾರನ ಆಸ್ತಿ ಇರುವ ಊರಿನ ಕೋರ್ಟಿನಲ್ಲೇ ನೇರವಾಗಿ ಅಮಲ್ಜಾರಿ ಅರ್ಜಿ, ಅಂದರೆ ಐತೀರ್ಪನ್ನು ಜಾರಿ ಮಾಡಿಸುವ ಅರ್ಜಿ, ಹಾಕಬಹುದು. ಚೆನ್ನೈ ಕೋರ್ಟಿನಿಂದ ವರ್ಗಾಯಿಸಿಕೊಂಡು ಬರುವ ಅಗತ್ಯವಿಲ್ಲ. ಹೀಗೆ ರದ್ದು ಮಾಡಿಸಲು ಸಾಲಗಾರ ಚೆನ್ನೈಗೆ ಹೋಗಬೇಕು, ಜಪ್ತಿ ಮಾಡಿಸಲು ಕಂಪನಿ ಕಲಬುರಗಿಗೆ ಬಂದರೆ ಸಾಕು ಎಂಬಂತಾಗಿದೆ. ನಮ್ಮ ಭಾಗಕ್ಕೆ ನ್ಯಾಯ ದೂರವಾಗಬಾರದೆಂದೇ ಎಷ್ಟೋ ವರ್ಷ ಹೋರಾಡಿ ಹೈಕೋರ್ಟಿನ ಪೀಠವನ್ನು ತರಿಸಿಕೊಂಡೆವು, 2013ರಲ್ಲಿ ಅದು ಕಾಯಂ ಆಯಿತು. ಇಲ್ಲಿಯ ವ್ಯಾಜ್ಯ ಇಲ್ಲಿಯೇ ತೀರಲಿ ಎಂದು ಪಡೆದದ್ದನ್ನು ಸಾಲದ ಕರಾರಿನ ಒಂದು ಸಾಲು ಕಿತ್ತುಕೊಳ್ಳುತ್ತಿದೆ. ಇದು ನನ್ನನ್ನು ತುಂಬಾ ನೋಯಿಸುತ್ತದೆ.

ಇಷ್ಟಾದರೂ ಅಮಲ್ಜಾರಿಯ ಹಂತದಲ್ಲಿ ದಾರಿ ಪೂರ್ತಿ ಮುಚ್ಚಿಲ್ಲ. ಅನರ್ಹ ಆರ್ಬಿಟ್ರೇಟರ್ ಕೊಟ್ಟ ಐತೀರ್ಪನ್ನು ಜಾರಿ ಮಾಡಲಾಗದು ಎಂದು 2023ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಬ್ಯಾಂಕೊಂದರ ಅರ್ಜಿಯಲ್ಲಿ ಹೇಳಿದೆ. ಇದನ್ನು ನಮ್ಮ ಕೋರ್ಟಿನಲ್ಲಿ ಎತ್ತಿ ಹೇಳಲು ಸಾಲಗಾರನ ಪರವಾಗಿ ವಕೀಲರೊಬ್ಬರು ಬೇಕು. ಅಮಲ್ಜಾರಿಯ ನೋಟೀಸು ಬಂದಾಗ ಈ ಜನ ವಕೀಲರ ಬಳಿ ಹೋಗುವುದಿಲ್ಲ. ಮನೆಗೆ ಬೀಗ ಹಾಕಿ ಗುಳೇ ಹೋಗುತ್ತಾರೆ.

ಜಪ್ತಿಯ ಭಯವೂ ಹೆಚ್ಚಿನಂಶ ಸುಳ್ಳಿನ ಮೇಲೆ ನಿಂತಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಯಾವುದನ್ನೆಲ್ಲ ಜಪ್ತಿ ಮಾಡುವಂತಿಲ್ಲ ಎಂದು ಹೇಳುತ್ತದೆ. ಉಡುವ ಬಟ್ಟೆ, ಹಾಸಿಗೆ, ಅಡುಗೆಯ ಪಾತ್ರೆ, ಕಸುಬುದಾರನ ಉಪಕರಣ, ರೈತನ ಒಕ್ಕಲುತನದ ಸಲಕರಣೆ, ಜೀವನಕ್ಕೆ ಬೇಕಾದ ಎತ್ತು ಮತ್ತು ಬಿತ್ತನೆ ಬೀಜ ಅದರಲ್ಲಿವೆ. ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆಯೂ ಅದೇ ಪಟ್ಟಿಯಲ್ಲಿದೆ. ಆ ಹೆಣ್ಣುಮಗಳ ತಾಳಿಯನ್ನು ಕೋರ್ಟೇ ಮುಟ್ಟುವಂತಿಲ್ಲ, ಏಜೆಂಟ ಅದರ ಹೆಸರೆತ್ತಿ ಹೆದರಿಸಿದ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ ಎಂದು 56ನೇ ಕಲಮು ಹೇಳುತ್ತದೆ. ಗಂಡಸರನ್ನೂ ಬರೀ ಕಟ್ಟಲು ಶಕ್ತಿಯಿಲ್ಲ ಎಂಬ ಕಾರಣಕ್ಕೆ ಸೆರೆಗೆ ಹಾಕುವಂತಿಲ್ಲ ಎಂದು 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ನಾನು ಕನ್ನಡದಲ್ಲಿ ಓದಿ ಹೇಳಿದಾಗ ಆಕೆ ಮತ್ತೊಮ್ಮೆ ಓದಿಸಿಕೊಂಡರು, ಆಮೇಲೆ ಒಂದು ಪ್ರತಿ ಬೇಕೆಂದರು.

ಏಜೆಂಟರ ನಡವಳಿಕೆಗೂ ನಿಯಮಗಳಿವೆ. 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್, ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದಿದೆ. ನಾಲ್ಕು ಜನರ ಮುಂದೆ ಅವಮಾನ ಮಾಡುವುದು, ಮನೆಯವರಿಗೆ, ಸ್ನೇಹಿತರಿಗೆ ಕಾಟ ಕೊಡುವುದು, ಕೆಟ್ಟ ಮೆಸೇಜು ಕಳಿಸುವುದು ಎಲ್ಲವೂ ನಿಷಿದ್ಧ. 'ಸಂಘದ ಸಾಲ' ಎಂದು ನಾವು ಕರೆಯುವ ಮೈಕ್ರೋಫೈನಾನ್ಸ್ ಸಾಲಕ್ಕೆ ಸಮಯ ಇನ್ನೂ ಬಿಗಿ, ಬೆಳಿಗ್ಗೆ 9ರಿಂದ ಸಂಜೆ 6. ಏಜೆಂಟನ ತಪ್ಪಿಗೆ ಅವನನ್ನು ಕಳಿಸಿದ ಸಂಸ್ಥೆಯೇ ಹೊಣೆ. ಈ ನಿಯಮಗಳ ಒಂದು ಸಾಲೂ ನಮ್ಮ ಹಳ್ಳಿಗಳ ಯಾವ ಗೋಡೆಯ ಮೇಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಏಜೆಂಟರ ಇನ್ನೊಂದು ಮಾತನ್ನೂ ತಮ್ಮ ಗಮನಕ್ಕೆ ತರಬೇಕು. 'ಒಂದ್ ಐದ್ನೂರರೆ ಹಾಕ್ರಿ, ಕೇಸ್ ನಿಲ್ಲಸ್ತೀನಿ' ಅನ್ನುತ್ತಾರೆ. ಕೇಳುವವರಿಗೆ ಅದು ಕರುಣೆಯಂತೆ ಕಾಣುತ್ತದೆ. ಸಾಲದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ, ಆರ್ಬಿಟ್ರೇಷನ್ನಿಗೂ ಅದು ಅನ್ವಯಿಸುತ್ತದೆ. ಅವಧಿ ಮುಗಿಯುವ ಮೊದಲು ಬರಹದ ಸಾಕ್ಷಿಯೊಂದಿಗೆ ಅಷ್ಟಿಷ್ಟು ಕಟ್ಟಿದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ. ಕಟ್ಟುವವರಿಗೆ ಇದು ಗೊತ್ತಿರಬೇಕು, ಕಟ್ಟಿದ್ದಕ್ಕೆ ರಸೀದಿ ಸಿಗಬೇಕು.

ಹೌದು, ಕಿರುಸಾಲದ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದೇ ಕಾಯ್ದೆಯಾಯಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದು ಕೇಳಿ ನಮ್ಮ ಕಡೆಯ ಮಂದಿ ನಿಟ್ಟುಸಿರು ಬಿಟ್ಟರು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕು ಮತ್ತು ಹಣಕಾಸು ಕಂಪನಿಗಳಿಗೆ ಅದು ಅನ್ವಯಿಸುವುದಿಲ್ಲ. ನನ್ನ ಮೇಜಿಗೆ ಬರುವ ನೋಟೀಸುಗಳಲ್ಲಿ ಬಹುಪಾಲು ಅಂಥ ಕಂಪನಿಗಳವೇ. ಪೊಲೀಸ್ ಠಾಣೆಗೆ ಹೋದರೆ 'ಇದು ಸಿವಿಲ್ ಮ್ಯಾಟರ್' ಎಂಬ ಉತ್ತರ ಬರುತ್ತದೆ. ಸಾಲ ಸಿವಿಲ್ ವಿಷಯ ಎನ್ನುವುದು ಸರಿ. ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಡಿ ಅಪರಾಧ, ಕೋರ್ಟಿನ ಅಮೀನನೆಂದು ಸುಳ್ಳು ಹೇಳಿಕೊಂಡು ಆ ಅಧಿಕಾರ ಚಲಾಯಿಸುವುದು 204ರಡಿ ಅಪರಾಧ. ಈ ವ್ಯತ್ಯಾಸ ಠಾಣೆಯ ಮೇಜಿನಲ್ಲಿ ಕೂತವರಿಗೆ ತಿಳಿದಿರಬೇಕು.

ಮಾನ್ಯ ಜಿಲ್ಲಾಧಿಕಾರಿಗಳೇ, ಜಿಲ್ಲೆಯ ಬ್ಯಾಂಕರುಗಳ ಸಲಹಾ ಸಮಿತಿಗೆ ತಾವೇ ಅಧ್ಯಕ್ಷರು. ಮುಂದಿನ ಸಭೆಗೆ ಫೈನಾನ್ಸ್ ಕಂಪನಿಗಳನ್ನೂ ಕರೆಯಿಸಿ. ಯಾರ ಪರವಾಗಿ ಯಾವ ಏಜೆಂಟ ಯಾವ ತಾಲೂಕಿನಲ್ಲಿ ತಿರುಗುತ್ತಿದ್ದಾನೆ ಎಂಬ ಪಟ್ಟಿ ಪಡೆಯಿರಿ, ಅದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಿರಲಿ. ಸಾಲದ ಮುಖ್ಯಾಂಶಗಳ ಪತ್ರ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು, ಬಾಯಲ್ಲೂ ವಿವರಿಸಬೇಕು ಎಂದು 2024ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿದೆ. ನಮ್ಮ ಜಿಲ್ಲೆಯಲ್ಲಿ ಅದು ಕನ್ನಡದಲ್ಲಿ, ಬೇಕಾದವರಿಗೆ ಉರ್ದು, ತೆಲುಗು, ಮರಾಠಿಯಲ್ಲಿ ಸಿಗುತ್ತಿದೆಯೇ ಎಂದು ತಾಲೂಕುವಾರು ಪರಿಶೀಲಿಸಿ. ಆರ್ಬಿಟ್ರೇಷನ್ ಕಲಮು ಇದ್ದರೆ ಅದನ್ನೂ ಬಾಯಿಬಿಟ್ಟು ಹೇಳುವಂತೆ ತಾಕೀತು ಮಾಡಿ. ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬೆದರಿಸಿದವರ ಮೇಲೆ ದೂರು ದಾಖಲಿಸಿಕೊಳ್ಳಬೇಕೆಂದು ಪೊಲೀಸ್ ಅಧಿಕಾರಿಗಳೊಂದಿಗೆ ಮಾತಾಡಿ, ಲಿಖಿತ ಸೂಚನೆ ಹೊರಡಿಸಿ.

ಮಾನ್ಯ ಪ್ರಾಧಿಕಾರದ ಅಧ್ಯಕ್ಷರೇ, ಯಾವುದೇ ಕೋರ್ಟಿನ ಮುಂದಿರುವ ಪ್ರಕರಣದ ಬಗ್ಗೆ ನಾನು ಏನನ್ನೂ ಕೇಳುತ್ತಿಲ್ಲ, ಅದು ನನ್ನ ಮಿತಿಯಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ನನ್ನ ಅಂಗಡಿಗೆ ಬರುವವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅದರಲ್ಲಿ ಬರುತ್ತಾರೆ. ಈ ನೆರವು ಕೇಳಲು 15100 ಎಂಬ ಫೋನ್ ನಂಬರು ಇದೆಯೆಂದು ಅವರಿಗೆ ತಿಳಿದಿಲ್ಲ. ಪ್ರತಿ ತಾಲೂಕಿನಲ್ಲಿ ಸಂತೆಯ ದಿನ ಪ್ಯಾನಲ್ ವಕೀಲರೊಬ್ಬರು ಕೂತು ಇಂಥ ನೋಟೀಸು ಓದಿ ಹೇಳುವ ವ್ಯವಸ್ಥೆ ಆಗಲಿ. ಒಬ್ಬರೇ ನೇಮಿಸಿದ ಆರ್ಬಿಟ್ರೇಟರನ್ನು ನಾನು ಒಪ್ಪುವುದಿಲ್ಲ ಎಂದು ಬರೆದು ಕಳಿಸುವ ಒಂದು ಪುಟದ ಆಕ್ಷೇಪಣೆಯ ಮಾದರಿಯನ್ನು ಪ್ರಾಧಿಕಾರವೇ ತಯಾರಿಸಿ ಹಂಚಲಿ. ಅಮಲ್ಜಾರಿಯ ನೋಟೀಸಿನ ಜೊತೆಗೆ, ನಿಮಗೆ ಉಚಿತ ವಕೀಲರು ಸಿಗುತ್ತಾರೆ ಎಂಬ ಕನ್ನಡದ ಒಂದು ಚೀಟಿ ಹೋಗುವಂತಾದರೆ ಮನೆಗೆ ಬೀಗ ಹಾಕುವವರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಲೋಕ ಅದಾಲತ್ತಿನ ಹೆಸರು ಹೇಳಿ ಖಾಸಗಿಯವರು ಕಾಗದ ಕಳಿಸುವುದೂ ಇದೆ. ನಿಜವಾದ ಲೋಕ ಅದಾಲತ್ತಿನಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ರಾಜಿ, ಯಾರನ್ನೂ ಅಲ್ಲಿ ಬಂಧಿಸುವುದಿಲ್ಲ ಎಂದು ಪ್ರಾಧಿಕಾರದ ಕಡೆಯಿಂದಲೇ ಜನರಿಗೆ ಗೊತ್ತಾಗಲಿ.

ಆರ್ಬಿಟ್ರೇಷನ್ ಕಲಮು ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದು 2018ರಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ತೀರ್ಮಾನವಾಗಿದೆ. 2019ರ ಗ್ರಾಹಕ ಕಾಯ್ದೆಯಂತೆ ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ಸಂಸ್ಥೆಗೆ ದೂರು ಕೊಟ್ಟು ಮೂವತ್ತು ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿಗೆ) ಪುಕ್ಕಟೆ ದೂರು ಸಲ್ಲಿಸಬಹುದು. ಬಾಪೂಜಿ ಸೇವಾ ಕೇಂದ್ರಗಳ ಸಿಬ್ಬಂದಿಗೆ ಇದನ್ನು ಕಲಿಸಿದರೆ ಎಷ್ಟೋ ಜನರ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಉಳಿಯುತ್ತದೆ.

ಜನ ನನ್ನಲ್ಲಿ ಬಿಟ್ಟುಹೋದ ನೋಟೀಸುಗಳ ಪ್ರತಿಗಳು ಅಂಗಡಿಯಲ್ಲಿವೆ. ಅವರ ಒಪ್ಪಿಗೆ ಪಡೆದು, ಹೆಸರು ವಿಳಾಸ ಮರೆಮಾಡಿ ತಮ್ಮ ಕಚೇರಿಗೆ ತಂದುಕೊಡಲು ಸಿದ್ಧನಿದ್ದೇನೆ. ಯಾವ ಕಂಪನಿಯ ನೋಟೀಸಿನಲ್ಲಿ ಆರ್ಬಿಟ್ರೇಟರನ್ನು ಯಾರು ನೇಮಿಸಿದ್ದಾರೆ, ಯಾವ ದಿನಾಂಕದ ಕಾಗದ ಯಾವ ದಿನ ಹಳ್ಳಿ ಮುಟ್ಟಿದೆ ಎಂಬುದು ಅವುಗಳಲ್ಲೇ ಇದೆ. ಬರಬೇಕಾದ ದಿನ ಮತ್ತು ಭೇಟಿಯಾಗಬೇಕಾದ ಅಧಿಕಾರಿಯನ್ನು ತಿಳಿಸಿದರೆ ಸಾಕು.

ತಮ್ಮ ವಿಶ್ವಾಸಿ,
ಕೋರ್ಟ್ ಹತ್ತಿರದ ಒಬ್ಬ ಟೈಪಿಸ್ಟ್
ಕಲಬುರಗಿ